ದೊಡ್ಡಮ್ಮನ ಕೈ

“ಗಾಜಿನ ಮೇಲಿರೋದು ಏನು, ಇನ್‌ಸ್ಪೆಕ್ಟರೇ?”

“ಧೂಳು, ಮೇಡಂ.”

“ಧೂಳು ಹೊರಗಡೆ. ಒಳಗಡೆ?”

ಇನ್‌ಸ್ಪೆಕ್ಟರು ಬಗ್ಗಬೇಕಾಯಿತು. ಬಗ್ಗುವುದಕ್ಕೆ ಅವರಿಗೆ ಮೊದಲು ಹೊಟ್ಟೆಯ ಅಪ್ಪಣೆ ಬೇಕು. ಅದು ತಡವಾಗಿ ಸಿಕ್ಕಿತು. ಡ್ರೈವರ್ ಸೀಟಿನ ಕಡೆಯ ಗಾಜಿನ ಒಳಮೈ ತುಂಬ ಅಂಗೈ ಗುರುತು. ಒಂದರ ಮೇಲೊಂದು, ಮೇಲೆ ಒತ್ತಿ ಕೆಳಕ್ಕೆ ಜಾರಿದ ಗುರುತು.

“ಕಾರಿಗೆ ಹೋಗಿ ಬಾ ಅನ್ನೋ ಮನುಷ್ಯ ಗಾಜನ್ನ ಹೀಗೆ ಬಡೀತಾನಾ?”

“ದುಃಖ, ಮೇಡಂ. ದುಃಖದಲ್ಲಿ ಜನ ಏನೇನೋ ಬಡ್ಕೋತಾರೆ.”

ಕೊಕ್ಕೆಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಕೆಲಸದಲ್ಲಿದ್ದಷ್ಟು ಕಾಲ ಅಪಘಾತದ ಗಾಡಿಗಳನ್ನು ನೋಡಿ ವಿಮೆ ಕಂಪನಿಗೆ ವರದಿ ಕೊಡುತ್ತಿದ್ದವಳು ಅವಳು. ‘ಮರಕ್ಕೆ ಗುದ್ದಿತು’ ಎಂದವರಿಗೆಲ್ಲ ‘ಮರ ತೋರಿಸಿ’ ಎಂದು ಕೊಕ್ಕೆ ಹಾಕಿ ಹಾಕಿ ಈ ಹೆಸರು ಸಂಪಾದಿಸಿದ್ದಳು. ಹೆಸರಿಟ್ಟವನು ಅವಳ ಅಣ್ಣ, ಊರಿಗೆಲ್ಲ ಹಲ್ಲು ಡಾಕ್ಟ್ರು. ಕಳೆದ ವಾರ ಇದೇ ತಗಡಿನ ಶೆಡ್ಡಿನಲ್ಲಿ, ಇದೇ ಕಾರಿನ ಸ್ಟಿಯರಿಂಗಿಗೆ ಹಣೆಯಾನಿಸಿಕೊಂಡು ಸತ್ತು ಸಿಕ್ಕವನೂ ಅವನೇ.

ಪ್ರೀತಿಯ ಕಾರು ಮಾರಾಟವಾಗಿದೆ. ಗಿರಾಕಿ ಬರುವ ಹಿಂದಿನ ದಿನ ಮುದುಕ ಉರಿಬಿಸಿಲಿನಲ್ಲಿ ಅದರೊಳಗೆ ಹೋಗಿ ಕೂತಿದ್ದಾನೆ. ಮೊದಲೇ ಸೋತಿದ್ದ ಹೃದಯ, ದುಃಖಕ್ಕೆ ನಿಂತುಹೋಗಿದೆ. ಪೊಲೀಸರ ತೀರ್ಮಾನ ಇದು. ತೀರ್ಮಾನ ಬಹಳ ಅಚ್ಚುಕಟ್ಟಾಗಿತ್ತು. ಕೊಕ್ಕೆಗೆ ಮೈಯೆಲ್ಲ ಉರಿಯುತ್ತಿದ್ದುದು ಆ ಅಚ್ಚುಕಟ್ಟಿಗೇ.

“ಪಕ್ಕದ ಮನೆ ಟೈಲರಮ್ಮ ಹೇಳಿದ್ದಾರಲ್ಲ,” ಎಂದರು ಇನ್‌ಸ್ಪೆಕ್ಟರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. “ಅವತ್ತು ಮಧ್ಯಾಹ್ನ ನಿಮ್ಮಣ್ಣ ಶೆಡ್ಡಲ್ಲಿ ‘ಕೈ ಕೊಡು, ಕೈ ಕೊಡು’ ಅಂತ ಕೂಗ್ತಿದ್ರಂತೆ. ಕಾರು ಕೈ ಕೊಡ್ತು ಅಂತ ಗೋಳಾಟ. ಹಳೇ ಕಾರು, ಹಳೇ ಹೃದಯ. ಎರಡೂ ಒಟ್ಟಿಗೆ ಕೈ ಕೊಟ್ವು.”

ಈ ಮಾತನ್ನು ಅವರು ಠಾಣೆಯಲ್ಲಿ ಆಗಲೇ ಒಂದೆರಡು ಸಲ ಆಡಿ ಮೆಚ್ಚಿಸಿಕೊಂಡಿದ್ದಾರೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಇನ್ನೊಂದ್ಸಲ ಅದನ್ನ ಅನ್ನಬೇಡಿ,” ಎಂದಳು ಕೊಕ್ಕೆ. ದನಿ ಎಷ್ಟು ಇಳಿದಿತ್ತೆಂದರೆ ಇನ್‌ಸ್ಪೆಕ್ಟರು ಮತ್ತೆ ಬಗ್ಗಿದರು. “ನನ್ನಣ್ಣ ಗೋಳಾಡ್ತಿರಲಿಲ್ಲ. ಕೈ ಕೇಳ್ತಿದ್ದ.”

ಕರವಸ್ತ್ರ ಬಿಚ್ಚಿ ತೋರಿಸಿದಳು. ಗೇಣುದ್ದದ ಉಕ್ಕಿನ ಹಿಡಿಕೆ, ತುದಿಯಲ್ಲಿ ಸವೆದ ಕಪ್ಪು ಗುಂಡಿ. ಕಾರಿನ ಗಾಜು ಏರಿಸಿ ಇಳಿಸುವ ಹಿಡಿಕೆ.

*

ಬೆಣ್ಣೆ ಬಣ್ಣದ ಆ ಎರಡು ಬಾಗಿಲ ಕಾರು ಮನೆಗೆ ಬಂದದ್ದು ಡಾಕ್ಟ್ರ ಮದುವೆಗಿಂತ ಮೊದಲು. ಹೀಗಾಗಿ ಅವರ ಮಗ ಮಾತು ಕಲಿತಾಗ ಅದನ್ನು ದೊಡ್ಡಮ್ಮ ಎಂದೇ ಕರೆಯುವಂತಾಯಿತು, ಅಮ್ಮನಿಗಿಂತ ಹಿರಿಯಳಲ್ಲವೇ. ಡಾಕ್ಟ್ರ ಹೆಂಡತಿ, ಅಂದರೆ ಕೊಕ್ಕೆಯ ಅತ್ತಿಗೆ, ಅದನ್ನು ಸವತಿ ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಅತ್ತಿಗೆ ನಗುತ್ತಿದ್ದರೋ ಇಲ್ಲವೋ ಯಾರೂ ನೋಡಿದಂತಿಲ್ಲ.

ದೊಡ್ಡಮ್ಮನ ಆರೈಕೆ ಡಾಕ್ಟ್ರು ತಮ್ಮ ಕಸುಬಿನ ಸಾಮಾನಿನಲ್ಲೇ ಮಾಡುತ್ತಿದ್ದರು. ಬಾಯೊಳಗೆ ಇಣುಕುವ ಪುಟ್ಟ ಕನ್ನಡಿಯಲ್ಲಿ ಇಂಜಿನ್ನಿನ ಹಿಂಬದಿ ಇಣುಕುವುದು, ಹಲ್ಲಿನ ಸಂದಿ ಕೆದಕುವ ಕಡ್ಡಿಯಲ್ಲಿ ಕಾರ್ಬ್ಯುರೇಟರಿನ ತೂತು ಕೆದಕುವುದು, ಡ್ಯಾಶ್‌ಬೋರ್ಡಿನ ಬಿರುಕಿಗೆ ಹಲ್ಲಿನ ಸಿಮೆಂಟು ತುಂಬುವುದು. ಮೆಕ್ಯಾನಿಕ್ ಇದ್ದ, ಆದರೆ ಅವನು ಬಂದಾಗಲೆಲ್ಲ ‘ಬಾಯಿ ತೆಗೀರಿ’ ಎನ್ನುವ ದನಿಯಲ್ಲಿ ‘ಬಾನೆಟ್ ತೆಗಿ’ ಎನ್ನುವ ಡಾಕ್ಟ್ರ ಪಕ್ಕ ನಿಂತು ನೋಡುವುದೇ ಅವನ ಕೆಲಸ.

ರಿಪೇರಿಯಾಗದೆ ಉಳಿದದ್ದು ಎರಡು. ಡ್ರೈವರ್ ಬಾಗಿಲನ್ನು ಒಳಗಿನಿಂದ ತೆರೆಯುವ ಚಿಲಕ ಮುರಿದು ಯಾವುದೋ ಕಾಲವಾಗಿತ್ತು. ಒಳಗಿದ್ದವರು ಹೊರಬರಬೇಕಾದರೆ ಗಾಜು ಇಳಿಸಿ, ತೋಳು ಹೊರಚಾಚಿ, ಹೊರಗಿನ ಹಿಡಿ ತಿರುಗಿಸಬೇಕು. ಗಾಜು ಇಳಿಸಲು ಹಿಡಿಕೆ ಬೇಕು. ಎರಡು ಬಾಗಿಲಿಗೆ ಸೇರಿ ಉಳಿದಿದ್ದದ್ದು ಒಂದೇ ಹಿಡಿಕೆ. ಅದನ್ನು ಎಲ್ಲಿ ಬೇಕೋ ಅಲ್ಲಿಗೆ ಸಿಕ್ಕಿಸಿ ತಿರುಗಿಸುವುದು, ಕಿತ್ತು ಪಕ್ಕದವರಿಗೆ ದಾಟಿಸುವುದು. ಮನೆಯಲ್ಲಿ ಅದಕ್ಕೆ ‘ಕೈ’ ಎಂದು ಹೆಸರು. ‘ಕೈ ಕೊಡು’ ಎಂದರೆ ಈ ಮನೆಯಲ್ಲಿ ದ್ರೋಹವಲ್ಲ, ಸೆಖೆ.

ಇಳಿದ ಮೇಲೆ ಕೈಯನ್ನು ಒಳಗೆ ತಂದು ಮೊಳೆಗೆ ಹಾಕಬೇಕೆಂಬುದು ಡಾಕ್ಟ್ರ ಕಾನೂನು. ಮೊಳೆ ಮನೆಯ ಹಿಂಬಾಗಿಲ ಮರೆಯಲ್ಲಿ.

“ಕಳೆದ ವಾರದಿಂದ ಇದು ಆ ಮೊಳೆಯಲ್ಲೇ ಇತ್ತು,” ಎಂದಳು ಕೊಕ್ಕೆ. “ದಿನಾ ಇರೋ ಜಾಗದಲ್ಲಿ ದಿನಾ ಇರೋ ವಸ್ತು. ಯಾರು ನೋಡ್ತಾರೆ? ನಿನ್ನೆ ನಾನು ನೋಡಿದೆ. ತೂತು ನೋಡಿ.”

ಹಿಡಿಕೆಯನ್ನು ಬಾಗಿಲಿಗೆ ಸಿಕ್ಕಿಸುವ ತೂತಿನೊಳಗೆ ಗುಲಾಬಿ ಬಣ್ಣದ ಮೇಣ. ಮೇಣದ ಮೇಲೆ ಹಲ್ಲು ಕಚ್ಚಿದ ಹಾಗೆ ಸಾಲು ಗೀರು.

“ಇದೇನು, ಚೂಯಿಂಗ್ ಗಮ್ಮಾ?”

“ಹಲ್ಲಿನ ಸೆಟ್ ಮಾಡೋ ಮೇಣ. ಕೈ ಸವೆದು ಲೊಡಲೊಡ ಅಂತಿತ್ತು. ಹೊಸ ಯಜಮಾನ ಬೈಕೋಬಾರದು ಅಂತ ಅಣ್ಣ ಅವತ್ತು ಬೆಳಿಗ್ಗೆ ತೂತಿಗೆ ಮೇಣ ತುಂಬಿ, ಈ ಬಾಗಿಲಿಗೆ ಕೂರಿಸಿದ. ಬ್ಯಾಟರಿ ಚಾರ್ಜಿಗೆ ಒಯ್ಯೋಕೆ ಬಂದಿದ್ದ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದ, ಕೇಳಿ ಬೇಕಾದ್ರೆ. ಬ್ಯಾಟರಿ ಇಲ್ಲ ಅಂದ್ರೆ ಹಾರನ್ನೂ ಇಲ್ಲ, ಅದೂ ನೆನಪಿರಲಿ.”

ಬಾಗಿಲ ಒಳಗಡೆ, ಹಿಡಿಕೆ ಕೂರುವ ಕಬ್ಬಿಣದ ಗೂಟದ ಮೇಲೂ ಗುಲಾಬಿ ಚೂರು ಅಂಟಿತ್ತು. ಇನ್‌ಸ್ಪೆಕ್ಟರು ಅದನ್ನು ನೋಡಿದರು. ಆಮೇಲೆ ಆ ಕಡೆಯ ಬಾಗಿಲನ್ನೂ ನೋಡಿದರು. ಶೆಡ್ಡು ಇಕ್ಕಟ್ಟು, ಆ ಬಾಗಿಲು ಗೋಡೆಗೆ ಮುತ್ತಿಕ್ಕುವಷ್ಟು ಹತ್ತಿರ. ಬೆಕ್ಕು ಕೂಡ ಆ ಕಡೆಯಿಂದ ಇಳಿಯುವಂತಿರಲಿಲ್ಲ.

“ಬಾಗಿಲು ತೆರೆದುಕೊಂಡು ಅಣ್ಣ ಕೂತಿದ್ದಾನೆ. ಒಬ್ಬರು ಬಂದು ಕೈ ಕಿತ್ತು, ಬಾಗಿಲು ದೂಡಿದ್ದಾರೆ. ಅಷ್ಟೇ ಕೆಲಸ. ಚಾಕು ಬೇಡ, ವಿಷ ಬೇಡ. ಮೇಲೆ ಕಾದ ತಗಡು, ಒಳಗೆ ಹೃದಯದ ರೋಗಿ. ಗಾಜು ಬಡೀತಾ ಕೈ ಕೊಡು ಅಂತ ಕೂಗಿದ್ದಾನೆ. ಊರಿಗೆಲ್ಲ ಆ ಮಾತು ದಿನಾ ಕೇಳಿ ಅಭ್ಯಾಸ. ಆಮೇಲೆ ಆ ಪುಣ್ಯಾತ್ಮರು ಒಳಗೆ ಹೋಗಿ, ಕೈಯನ್ನ ಮೊಳೆಗೆ ಹಾಕಿದ್ದಾರೆ. ಹೊರಗಿನೋನಾದರೆ ಬಿಸಾಕ್ತಿದ್ದ, ಜೇಬಿಗೆ ಹಾಕ್ಕೊಂಡು ಹೋಗ್ತಿದ್ದ. ಕೊಲೆ ಮಾಡಿಯೂ ಅಣ್ಣನ ಕಾನೂನು ಪಾಲಿಸೋರು ಮನೆಯೋರೇ.”

ಇನ್‌ಸ್ಪೆಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. “ಗಿರಾಕಿ ಲಾರಿ ತರೋದು ಎಷ್ಟೊತ್ತಿಗೆ?”

“ಸಾವಾಯ್ತು ಅಂತ ಅವತ್ತು ಬರಲಿಲ್ಲ, ಇವತ್ತು ಬರ್ತಿದ್ದಾನೆ. ಈಗಲೋ ಇನ್ನೊಂದು ಗಳಿಗೆಗೋ. ಬಂದವನೇ ಮೊದಲು ಗಾಜು ಒರೆಸ್ತಾನೆ. ಅಲ್ಲಿಗೆ ನನ್ನಣ್ಣ ಎರಡನೇ ಸಲ ಸತ್ತ.”

“ಯಾರ ಮೇಲೆ ಅನುಮಾನ?”

ಕೊಕ್ಕೆ ಮನೆಯ ಕಡೆ ತಿರುಗಿ ಕೂಗಿದಳು. ಕೂಗಿದ್ದು ಅಣ್ಣನ ಮಗನನ್ನು.

*

ಅವನು ಹಿಂಬಾಗಿಲ ಮೆಟ್ಟಿಲಿಗೆ ಬಂದು ನಿಂತ. ಅವನ ಹಿಂದೆಯೇ ಅತ್ತಿಗೆ, ಕೈಯಲ್ಲಿ ಮೇಜು ಒರೆಸುವ ಬಟ್ಟೆ. ಗಂಡ ಸತ್ತಾಗಿನಿಂದ ಅವರು ಮನೆಯಲ್ಲಿ ಒರೆಸದ ಮೇಜಿಲ್ಲ.

ಕೊಕ್ಕೆಯ ಕೈಯಲ್ಲಿದ್ದ ವಸ್ತುವನ್ನು ನೋಡಿ ಅತ್ತಿಗೆ ಮುಖ ತಿರುಗಿಸಿದರು. “ಅದನ್ಯಾಕೆ ಹೊರಗೆ ತಂದೆ? ನಾನಂತೂ ಈ ಜನ್ಮದಲ್ಲಿ ಮುಟ್ಟಿದೋಳಲ್ಲ. ಸವತಿ ಕೈ ಹಿಡಿಯೋ ಹಣೆಬರಹ ನಂಗ್ಯಾಕೆ.”

“ನಿಮ್ಮನ್ನಲ್ಲ ಅತ್ತಿಗೆ, ಇವನನ್ನ ಕೇಳೋಕಿದೆ.” ಕೊಕ್ಕೆ ಮಗನತ್ತ ತಿರುಗಿದಳು. “ಅವತ್ತು ಮಧ್ಯಾಹ್ನ ಆಫೀಸಲ್ಲಿದ್ದೆ ಅಂದೆ.”

“ಇದ್ದೆ.”

“ನಿಮ್ಮ ಆಫೀಸ್ ಗೇಟ್ ಕಾಯೋನು ನಿನಗಿಂತ ಸತ್ಯವಂತ ಕಣೋ. ಊಟಕ್ಕೆ ಹೋದ ಸಾಹೇಬ್ರು ಟೀ ಹೊತ್ತಿಗೆ ಬಂದ್ರು ಅಂದ.”

ಮಗ ಅಮ್ಮನ ಮುಖ ನೋಡಿದ. ಆಮೇಲೆ ನೆಲ.

“ಬಂದಿದ್ದೆ,” ಎಂದ.

“ನಿನ್ನೆವರೆಗೂ ಬಂದಿರಲಿಲ್ಲ. ಹೆಣದ ಮುಂದೆ ನಿಂತು ಅತ್ತಾಗಲೂ ಬಂದಿರಲಿಲ್ಲ.”

“ಹೇಳಿದ್ರೆ ಏನ್ ಆಗ್ತಿತ್ತು ಅಂತ ನಿಮಗೂ ಗೊತ್ತಲ್ಲ, ಅತ್ತೆ. ಇದೇ. ಈಗ ಆಗ್ತಿದೆಯಲ್ಲ, ಇದೇ.”

“ಜಗಳ ಆಡಿದೆಯೋ ಇಲ್ಲವೋ?”

“ಆಡಿದೆ.” ಅವನ ಕುತ್ತಿಗೆ ಕೆಂಪಾಯಿತು. “ಹುಟ್ಟಿದಾಗಿನಿಂದ ಆಡಬೇಕಾಗಿದ್ದು ಅವತ್ತು ಆಡಿದೆ. ಟಾರ್ಚ್ ಹಿಡಿ, ಟಾರ್ಚ್ ಹಿಡಿ ಅಂತಾನೇ ನನ್ನ ಬಾಲ್ಯ ಆ ಬಾನೆಟ್ ಕೆಳಗೆ ಮುಗೀತು. ಕೈ ಸ್ವಲ್ಪ ಅಲ್ಲಾಡಿದ್ರೆ ಬೈಗುಳ. ನಾನು ಯಾವ ಕ್ಲಾಸು ಅಂತ ಅವರಿಗೆ ಗೊತ್ತಿರಲಿಲ್ಲ. ಇವಳ ಪ್ಲಗ್ಗು ಯಾವತ್ತು ಬದಲಾಯಿಸಿದ್ದು ಅಂತ ಗೊತ್ತಿತ್ತು. ನನಗೆ ಹಲ್ಲುನೋವು ಬಂದಾಗ ನಾಳೆ ನೋಡೋಣ ಅಂದ್ರು. ಇವಳು ಒಂದ್ಸಲ ಕೆಮ್ಮಿದ್ರೆ ಕ್ಲಿನಿಕ್ ಬಾಗಿಲು ಹಾಕ್ಕೊಂಡು ಓಡಿಬರ್ತಿದ್ರು. ಹಲ್ಲು ಡಾಕ್ಟ್ರ ಮಗ ಕಣ್ರೀ ನಾನು, ಇನ್‌ಸ್ಪೆಕ್ಟರೇ. ನೋಡಿ ಇಲ್ಲಿ.”

ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು ತೋರಿಸಿದ. ಒಂದು ದವಡೆ ಹಲ್ಲಿನ ಜಾಗ ಖಾಲಿಯಿತ್ತು. ಇನ್‌ಸ್ಪೆಕ್ಟರು ಕರ್ತವ್ಯದಂತೆ ಇಣುಕಿ ನೋಡಿ, ತಲೆಯಾಡಿಸಿದರು.

“ಆ ಸಿಟ್ಟಿಗೆ ಮಾರಿಸಿದೆ,” ಎಂದಳು ಕೊಕ್ಕೆ.

“ನಾನಲ್ಲ. ಅವರೇ ಒಪ್ಪಿದ್ದು. ಕಣ್ಣು ಮಂಜಾಗಿದೆ, ನಿಲ್ಲಿಸಿ ತುಕ್ಕು ಹಿಡಿಸೋದಕ್ಕಿಂತ ಓಡಿಸೋನಿಗೆ ಹೋಗಲಿ ಅಂದ್ರು.”

ಇದು ನಿಜವೆಂದು ಕೊಕ್ಕೆಗೂ ಗೊತ್ತಿತ್ತು. ಅಣ್ಣ ಅದೇ ಮಾತನ್ನು ಅವಳಿಗೆ ಫೋನಿನಲ್ಲಿ ಹೇಳಿದ್ದ. ಅಳುತ್ತ ಅಲ್ಲ, ಯಾವ ಪಾಲಿಶ್ ಒಳ್ಳೆಯದೆಂದು ಕೇಳುತ್ತ.

“ಮತ್ತೆ ಜಗಳ ಯಾಕೆ?”

“ಅವತ್ತು ಊಟದ ಹೊತ್ತಿಗೆ ಫೋನ್ ಮಾಡಿ, ‘ಮಾರಲ್ಲ ಕಣೋ’ ಅಂದ್ರು. ಓಡಿಬಂದೆ. ಇಲ್ಲೇ ಕೂತಿದ್ರು, ಬಾಗಿಲು ತೆಕ್ಕೊಂಡು, ಒಂದು ಕಾಲು ಹೊರಗೆ. ಯಾಕಪ್ಪ ಅಂದೆ. ‘ಇದು ನನ್ನದಲ್ಲ, ಅವಳದು. ಅವಳಿಗೇ ಕೊಟ್ಬಿಡ್ತೀನಿ’ ಅಂದ್ರು. ಯಾರು ಅವಳು ಅಂತ ಕೇಳಿದ್ರೆ ನಕ್ಕುಬಿಟ್ರು. ನಂಗೆ ತಲೆ ಕೆಟ್ಟೋಯ್ತು. ಒಳಗಿದ್ದ ಅಮ್ಮನಿಗೂ ಕೇಳಿಸೋ ಹಾಗೆ ಏನೇನೋ ಅಂದೆ. ಹೊರಟೆ. ನಾನು ಹೊರಟಾಗ ಬಾಗಿಲು ತೆರೆದೇ ಇತ್ತು, ಕೈ ಬಾಗಿಲಲ್ಲೇ ಇತ್ತು.”

“ಯಾರು ಅವಳು?”

“ನೀವೇ ಅನ್ಕೊಂಡೆ, ಅತ್ತೆ. ಇನ್ಯಾರಿದ್ದಾರೆ?”

ಇನ್‌ಸ್ಪೆಕ್ಟರು ಬೆವರು ಒರೆಸುವುದನ್ನು ನಿಲ್ಲಿಸಿದರು. ಅತ್ತಿಗೆ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

“ನಂಗೆ ಕಾರು ಓಡಿಸೋಕೇ ಬರಲ್ಲ ಕಣೋ,” ಎಂದಳು ಕೊಕ್ಕೆ. ಅದು ಸತ್ಯ, ಅಷ್ಟೊಂದು ನಜ್ಜುಗುಜ್ಜಾದ ಕಾರುಗಳನ್ನು ನೋಡಿದವರಿಗೆ ಓಡಿಸುವ ಆಸೆ ಹುಟ್ಟುವುದಿಲ್ಲ. “ಸುಳ್ಳು ಹೇಳೋಕೆ ಬೇರೆ ಯಾರೂ ಸಿಗಲಿಲ್ವಾ?”

“ಸುಳ್ಳಲ್ಲ.”

“ಆಫೀಸಲ್ಲಿದ್ದೆ ಅಂದಿದ್ದೂ ಸುಳ್ಳಾಗಿರಲಿಲ್ಲ.”

ಅವನು ಎರಡು ಮೆಟ್ಟಿಲು ಇಳಿದು ಬಂದ. ಇಬ್ಬರ ಮೂಗೂ ಒಂದೇ ಅಚ್ಚಿನದು, ಸಿಟ್ಟೂ ಅದೇ ಅಚ್ಚಿನದು. ಎದುರುಬದುರು ನಿಂತಾಗ ಇನ್‌ಸ್ಪೆಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

“ನಾನು ನನ್ನಪ್ಪನ್ನ ಕೊಂದೆ ಅಂತ ನಿಮ್ಮ ಬಾಯಲ್ಲೇ ಹೇಳಿಬಿಡಿ, ಅತ್ತೆ. ಈ ಮೇಣ ಗೀಣ ಎಲ್ಲ ಬೇಡ.”

“ಹೇಳ್ತೀನಿ. ಅದಕ್ಕೆ ಮೊದಲು ಒಬ್ಬರನ್ನ ಕೇಳ್ತೀನಿ.”

ಇನ್‌ಸ್ಪೆಕ್ಟರ ಕಡೆ ತಿರುಗಿದಳು. “ಟೈಲರಮ್ಮ ಹೇಳಿದ್ದನ್ನ ನಿಮ್ಮ ರೈಟರ್ ಬರ್ಕೊಂಡಿದ್ದು ಹ್ಯಾಗೆ? ‘ಕೈ ಕೊಡು’ ಅಂತ ತಾನೇ?”

“ಹೌದು. ಶುದ್ಧವಾಗಿ ಬರೀತಾನೆ ಅವನು. ಮೊದಲು ಮೇಷ್ಟ್ರಾಗಿದ್ದ.”

“ಅವನ ಶುದ್ಧಕ್ಕೆ ಬೆಂಕಿ ಬೀಳ. ಮನೇಲಿ ಯಾರ್ರೀ ‘ಕೊಡು’ ಅಂತಾರೆ? ಮಗನಿಗೆ ಅಣ್ಣ ‘ಕೊಡೋ’ ಅಂತಾನೆ. ಮೆಕ್ಯಾನಿಕ್‌ಗೆ ‘ಕೊಡಪ್ಪ’. ಗಿರಾಕಿ ಆಗಿದ್ರೆ, ನೀವಾಗಿದ್ರೆ, ‘ಕೊಡಿ’. ಯಾರ ಹತ್ರ ಕೇಳ್ತಿದ್ದ ಅಂತ ಆ ಮಾತಿನ ಬಾಲದಲ್ಲೇ ಇತ್ತು. ನಿಮ್ಮ ಮೇಷ್ಟ್ರು ಬಾಲ ಕತ್ತರಿಸಿ ಬರ್ಕೊಂಡ.”

ಇನ್‌ಸ್ಪೆಕ್ಟರ ಬಾಯಿ ತೆರೆಯಿತು. ಯಾರೂ ಬಾಯಿ ತೆಗೀರಿ ಎಂದಿರಲಿಲ್ಲ.

*

ಶೆಡ್ಡಿಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅದರಾಚೆಯ ಕಿಟಕಿಯಲ್ಲಿ ಟೈಲರಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಸದ್ದು ಯಾವಾಗ ನಿಂತಿತ್ತೋ. ಬಟ್ಟೆ ಸೂಜಿಯ ಕೆಳಗೆ ಹಾಗೇ ಇತ್ತು, ಕಿವಿ ಮಾತ್ರ ಈ ಕಡೆ.

“ತಂಗೀ, ಒಂದು ಮಾತು,” ಎಂದಳು ಕೊಕ್ಕೆ ನಿಂತಲ್ಲಿಂದಲೇ.

“ಕೇಳಿ ಅಕ್ಕ. ನಾನೇನೂ ಕೇಳಿಸ್ಕೊಳ್ತಿರಲಿಲ್ಲ.”

“ಅವತ್ತು ಅಣ್ಣ ಕೂಗಿದ್ದು ಕೇಳಿಸ್ತು ಅಂದ್ಯಲ್ಲ. ಯಾವಾಗ?”

“ಡಾಕ್ಟ್ರ ಮಗನ ಸ್ಕೂಟರ್ ಹೋಯ್ತಲ್ಲ, ಅದಾದ ಮೇಲೆ. ಹೋದ ಮೇಲೆ ನಾನೊಂದು ಜೇಬು ಹೊಲಿದು ಮುಗಿಸಿದೆ, ಆಮೇಲೆ.”

ಮಗ ಉಸಿರು ಬಿಟ್ಟ ಸದ್ದು ಕೇಳಿಸಿತು. ಕೊಕ್ಕೆ ತಿರುಗಿ ನೋಡಲಿಲ್ಲ. ಸ್ಕೂಟರ್ ತಿರುವಿನಲ್ಲಿ ನಿಲ್ಲಿಸಿ ನಡೆದು ಬರಬಹುದು. ಅಷ್ಟಕ್ಕೆಲ್ಲ ಕೊಕ್ಕೆ ಬಿಡುವವಳಲ್ಲ.

“ಪೊಲೀಸರಿಗೆ ಇದನ್ನ ಹೇಳಲಿಲ್ವಾ?”

“ಕೇಳಿದ್ರೆ ತಾನೇ ಹೇಳೋದು.”

“ಅಣ್ಣ ಅಂದಿದ್ದನ್ನ ಅಂದ ಹಾಗೇ ಹೇಳು. ನೀನು ತಿದ್ದಬೇಡ, ಮರ್ಯಾದೆ ಸೇರಿಸಬೇಡ. ಅವನ ದನೀಲೇ.”

ಟೈಲರಮ್ಮ ಕಣ್ಣು ಮುಚ್ಚಿದಳು. ಅಳತೆ ನೆನಪಿಸಿಕೊಳ್ಳುವಾಗ ಹಾಗೆ ಮುಚ್ಚುವುದು ಅವಳ ಅಭ್ಯಾಸ. ಕೊಕ್ಕೆಯ ಸಿಟ್ಟೆಲ್ಲ ಒಂದೇ ಒಂದು ಅಕ್ಷರಕ್ಕಾಗಿ ಕಾಯುತ್ತ ನಿಂತಿತು. ಆ ಅಕ್ಷರ ಅವಳಿಗೆ ಆಗಲೇ ಗೊತ್ತಿತ್ತು. ಬಾಯಿಬಿಟ್ಟು ಯಾರಾದರೂ ಹೇಳುವುದಷ್ಟೇ ಬಾಕಿ.

“ಕೈ ಕೊಡೇ,” ಎಂದಳು ಟೈಲರಮ್ಮ.



“ಕೊಡೋ ಅಲ್ವಾ?” ಎಂದಳು ಕೊಕ್ಕೆ.

“ಇಲ್ಲಕ್ಕ. ಕೈ ಕೊಡೇ, ಕೈ ಕೊಡೇ ಅಂತ. ಇನ್ನೊಬ್ಬರ ದನಿ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸುಮ್ಮನಾದ್ರು.” ಟೈಲರಮ್ಮ ಕಣ್ಣು ತೆರೆದಳು. “ಕೈ ಸಿಕ್ತೇನೋ ಅನ್ಕೊಂಡು ನಾನೂ ಸುಮ್ಮನಾದೆ.”

ಕೊಕ್ಕೆಗೆ ಮೊದಲ ಬಾರಿಗೆ ತನ್ನ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎದುರಿಗೆ ಅಣ್ಣನ ಮಗ ಗೋಡೆಗೆ ಒರಗಿ ನಿಂತಿದ್ದ. ಅವನು ಗೆದ್ದಂತೆ ಕಾಣಲಿಲ್ಲ; ಈಗಷ್ಟೇ ಅಪ್ಪ ಸತ್ತ ಸುದ್ದಿ ಬಂದವನಂತೆ ಕಾಣುತ್ತಿದ್ದ.

“ಮೇಡಂ.” ಇನ್‌ಸ್ಪೆಕ್ಟರ ದನಿಯಲ್ಲಿ ಹೊಸದೊಂದು ಎಚ್ಚರ ಇತ್ತು. “ನಿಮ್ಮಣ್ಣ ‘ಕೊಡೇ’ ಅನ್ನೋದು ಯಾರ್ಯಾರಿಗೆ?”

“ಅತ್ತಿಗೆಗೆ.”

“ಮತ್ತೆ?”

ಶೆಡ್ಡಿನ ತಗಡು ಬಿಸಿಲಿಗೆ ಚಟ್ಟೆಂದಿತು.

“ನನಗೆ,” ಎಂದಳು ಕೊಕ್ಕೆ.

“ಕಾರು ‘ಅವಳಿಗೇ’ ಕೊಡ್ತೀನಿ ಅಂದಿದ್ರಂತೆ. ಇವರು ನೀವು ಅನ್ಕೊಂಡ್ರು. ಈಗ ಕೈ ಬೇರೆ ನಿಮ್ಮ ಕರವಸ್ತ್ರದಲ್ಲಿದೆ.” ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡರು. “ಅವತ್ತು ಮಧ್ಯಾಹ್ನ ನೀವೆಲ್ಲಿದ್ರಿ?”

ಮನೆಯಲ್ಲಿ, ಒಬ್ಬಳೇ, ಫ್ಯಾನಿನ ಕೆಳಗೆ ಮಲಗಿದ್ದಳು. ಇಂಥ ಉತ್ತರ ಕೊಟ್ಟವರಿಗೆ ತಾನು ಎಷ್ಟು ಸಲ ಕೊಕ್ಕೆ ಹಾಕಿದ್ದೆನೆಂದು ಅವಳಿಗೆ ನೆನಪಾಯಿತು.

ಬೀದಿಯಲ್ಲಿ ಲಾರಿಯೊಂದು ಹಿಮ್ಮುಖವಾಗಿ ಬರುವ ಸದ್ದು. ಗಿರಾಕಿ ‘ಬರ್ಲಿ, ಬರ್ಲಿ’ ಎಂದು ದಾರಿ ತೋರಿಸುತ್ತಿದ್ದ.

ಎಲ್ಲರ ಕಣ್ಣೂ ಗೇಟಿನ ಕಡೆ ಹೋದಾಗ ಅತ್ತಿಗೆ ಮೆಟ್ಟಿಲಿಳಿದು ಬಂದರು. ಒರೆಸುವ ಬಟ್ಟೆಯಿಂದಲೇ ಕೊಕ್ಕೆಯ ಕರವಸ್ತ್ರದೊಳಗಿನ ಹಿಡಿಕೆಯನ್ನು ಎತ್ತಿಕೊಂಡರು. ತಟ್ಟೆ ಎತ್ತಿಕೊಳ್ಳುವಷ್ಟೇ ಸಹಜವಾಗಿ. ಗುಂಡಿ ಒರೆಸಿದರು, ಉದ್ದಕ್ಕೂ ಒರೆಸಿದರು, ಮಡಿಚಿದ ಬಟ್ಟೆಯ ತುದಿಯನ್ನು ತೂತಿಗೆ ತೂರಿಸಿ ತಿರುವಿದರು. ಕೊಕ್ಕೆ ಗೇಟಿನಿಂದ ತಿರುಗುವಷ್ಟರಲ್ಲಿ ಗುಲಾಬಿ ಮೇಣ ಬಟ್ಟೆಗೆ ಹೋಗಿತ್ತು.

ಆಮೇಲೆ ಮತ್ತೆ ಮೆಟ್ಟಿಲು ಹತ್ತಿ, ಹಿಂಬಾಗಿಲ ಬಳಿ ನಿಂತು, ಮುಖ ಇನ್‌ಸ್ಪೆಕ್ಟರ ಕಡೆಗೇ ಇಟ್ಟು, ಬಾಗಿಲ ಮರೆಗೆ ತೋಳು ಚಾಚಿದರು.

ಆ ಮೊಳೆ ವಕ್ರ. ಹಿಡಿಕೆಯನ್ನು ನೆಟ್ಟಗೆ ಹಾಕಿದರೆ ಬೀಳುತ್ತದೆ. ತಲೆಕೆಳಗು ಮಾಡಿ, ಗೋಡೆಗೆ ಒತ್ತಿ, ಒಂದಿಷ್ಟು ಬಲಕ್ಕೆ ಎಳೆಯಬೇಕು. ನಿನ್ನೆ ಕೊಕ್ಕೆಯ ಕೈಯಿಂದಲೇ ಎರಡು ಸಲ ಬಿದ್ದಿತ್ತು. ಅತ್ತಿಗೆಯ ಕೈ ಕತ್ತಲಲ್ಲಿ ತಲೆಕೆಳಗು ಮಾಡಿತು, ಒತ್ತಿತು, ಬಲಕ್ಕೆ ಎಳೆಯಿತು. ಟಿಕ್ ಎಂದು ಕೂತಿತು. ಬೀಳಲಿಲ್ಲ.

“ಎಲ್ಲಿರ್ತಾಳೆ ಇವಳು,” ಎಂದರು ಅತ್ತಿಗೆ ಇನ್‌ಸ್ಪೆಕ್ಟರಿಗೆ, ಬಹಳ ದಣಿದ ದನಿಯಲ್ಲಿ. “ಅವತ್ತು ಮಧ್ಯಾಹ್ನ ಇಲ್ಲಿಗೇ ಬಂದಿದ್ಳಲ್ಲ. ಟೀ ಮಾಡ್ಕೊಟ್ಟೋಳೇ ನಾನು.”

ಇನ್‌ಸ್ಪೆಕ್ಟರು ಅತ್ತಿಗೆಯ ಬಾಯನ್ನೇ ನೋಡುತ್ತಿದ್ದರು. ಕೈ ನೋಡಿದ್ದು ಕೊಕ್ಕೆ ಒಬ್ಬಳೇ.